ಒಬ್ಬರೇ ನಡೆಸುವ ಜರಡಿ

“ಜರಡಿ ಛಲೋ ಅದರೀ ಮಿಸ್ತ್ರಿ. ಖರೆ, ಮಾತಾಡೋದು ಯಾರ್ ಸಂಗಟ?”

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಧಾನ್ಯದ ಅಡತಿ ಅಂಗಡಿಯ ಮುಂದೆ ಕೂತು, ನಾನು ಮಾಡಿದ ಹೊಸ ಜರಡಿಯ ಪೆಡಲ್ ತುಳಿಯುತ್ತ ಕೂಲಿಯ ಶಾಂತಾಬಾಯಿ ಹೀಗೆ ಕೇಳಿದರು. ತೊಗರಿ ಹಸನು ಮಾಡುವ ದೊಡ್ಡ ಜರಡಿಯನ್ನು ಇಬ್ಬರು ಹೆಂಗಸರು ಎದುರುಬದುರು ಕೂತು, ಮನೆಯ ಸುಖದುಃಖ ಹೇಳಿಕೊಳ್ಳುತ್ತ ಜಗ್ಗುವುದು ನಮ್ಮಲ್ಲಿಯ ರೂಢಿ. ಆ ವರ್ಷ ಬರಗಾಲ ಬಿದ್ದು ಜನ ಪುಣೆಗೆ ಗುಳೆ ಹೋಗಿ, ಜೋಡಿಗಳೇ ಮುರಿದಿದ್ದವು. ಅದಕ್ಕೇ ಒಬ್ಬರೇ ನಡೆಸುವ ಜರಡಿ ಮಾಡಿದ್ದೆ. ಅಂಗಡಿಯ ಸಾವುಕಾರರು ಮೆಚ್ಚಿ ಬಂಡವಾಳ ಹಾಕಿದರೆ ಮಾತ್ರ ನೌಬಾದದ ನನ್ನ ವರ್ಕ್‌ಶಾಪ್ ಉಳಿಯುತ್ತಿತ್ತು.

“ಮಾತಾಡಿದ್ರ ತೊಗರಿ ಹಸನ ಆಗ್ತದೇನ ಬಾಯಿ?” ಎಂದು ಸಾವುಕಾರರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಇಂಥವು ಇನ್ನಷ್ಟು ಮಾಡ್ರಿ ಮಿಸ್ತ್ರಿ, ರೊಕ್ಕ ನಾ ಹಾಕ್ತೇನಿ” ಎಂದರು. ಸಾಲಿ ಅರ್ಧಕ್ಕೇ ಬಿಟ್ಟ ನನ್ನ ಎದೆ ಉಬ್ಬಿತು. ಶಾಂತಾಬಾಯಿ ಪೆಡಲ್ ತುಳಿಯುತ್ತಲೇ ಇದ್ದರು. ಅವರೆದುರಿಗೆ ಇನ್ನೊಂದು ಗೋಣಿತಾಟು ಹಾಸಿತ್ತು. ರೂಢಿ ತಪ್ಪದೆ ಅವರೇ ಹಾಸಿದ್ದರು.

ಸಂಜೆ ವರ್ಕ್‌ಶಾಪಿನ ಬಾಗಿಲು ತೆಗೆದವನೇ, “ಏ ಕಾಶ್ಯಾ, ನಮ್ ಜರಡಿ ಪಾಸ್ ಆತೋ!” ಎಂದು ಕೂಗಿಬಿಟ್ಟೆ. ಆ ಜರಡಿಯ ನಕ್ಷೆಯನ್ನು ಮೊದಲು ಈ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದವನು ನನ್ನ ಪಾಲುದಾರ ಕಾಶಿನಾಥ. ಅವನೂ ಭಾಲ್ಕಿಯಲ್ಲಿ ರೈಲು ಹತ್ತಿ ಪುಣೆಗೆ ಹೋಗಿದ್ದ. ಕೂಗಿದ ಮೇಲೆ ನೆನಪಾಯಿತು.

ವರ್ಕ್‌ಶಾಪ್ ಉಳಿಯಿತು. ಮಧ್ಯಾಹ್ನ ಬುತ್ತಿ ಬಿಚ್ಚಿ ಒಬ್ಬನೇ ಕೂತಾಗ, ಶಾಂತಾಬಾಯಿ ಕೇಳಿದ ಮಾತು ಈಗಲೂ ನನ್ನೆದುರಿಗೆ ಬಂದು ಕೂರುತ್ತದೆ.