ಬಾಹ್ಯಾಕಾಶಕ್ಕೆ ಹೋದವನೂ ನಮ್ಮ ಆಯಿಯ ಕಸಬರಿಗೆಯೂ

ಹಳಿಯಾಳದ ಸಂತೆಯಲ್ಲಿ ಜೋಯಿಡಾ ಕಡೆಯ ಹೆಂಗಸರು ಹೊಸ ಕಸಬರಿಗೆ ಹರವಿಕೊಂಡು ಕೂತಿದ್ದರೆ ನನಗೆ ಅವರ ಮುಂದೆ ಸುಮ್ಮನೆ ಹಾದುಹೋಗಲು ಆಗುವುದಿಲ್ಲ. ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿಯುತ್ತೇನೆ. ಒಣಹುಲ್ಲಿನ ವಾಸನೆ, ಅದರೊಳಗೆ ಒಂದಿಷ್ಟು ಬಿಸಿಲು, ಒಂದಿಷ್ಟು ಹೊಟ್ಟು. ಜಾಡಿಸಿದರೆ ಹಳದಿ ಹುಡಿ ಉದುರಿ ಸೀನು ಬರುತ್ತದೆ. ಮಾರುವವಳು ನನ್ನನ್ನು ಅನುಮಾನದಿಂದ ನೋಡುತ್ತಾಳೆ. ಕಸಬರಿಗೆ ಮೂಸುವವರನ್ನು ಯಾರು ತಾನೆ ನಂಬುತ್ತಾರೆ? ನಾನೂ ಅವಳನ್ನು ನಂಬುವುದಿಲ್ಲ. ಒಳಗೆ ಹಳೆಯ ಹುಲ್ಲು ತುರುಕಿದ್ದಾಳೇನೋ ಎಂದು ಹಿಡಿಕೆಯನ್ನು ಹಿಸುಕಿ ಹಿಸುಕಿ ನೋಡುತ್ತೇನೆ. ಹಾಗೆ ಹಿಸುಕುವುದನ್ನು ಕಲಿಸಿದವಳು ನಮ್ಮ ಆಯಿ, ಅಪ್ಪನ ತಾಯಿ. ಅವಳಿಂದ ನನಗೆ ಬಂದ ಆಸ್ತಿಯೆಂದರೆ ಈ ಸಂಶಯದ ಬುದ್ಧಿ ಒಂದೇ. ಅದನ್ನು ನಾನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆಗ ನಾವು ದಾಂಡೇಲಿಯಲ್ಲಿದ್ದೆವು. ಅಪ್ಪ ಕಾಗದದ ಮಿಲ್ಲಿಗೆ ಪಾಳಿಯ ಮೇಲೆ ಹೋಗುತ್ತಿದ್ದ. ಎರಡು ಕೋಣೆಯ ಕ್ವಾರ್ಟರ್ಸು, ಮುಂದೆ ಒಂದು ಕಟ್ಟೆ, ಕಟ್ಟೆಯ ಮುಂದೆ ಬಿದಿರು ಹೇರಿದ ಲಾರಿಗಳು ಓಡಾಡುವ ರಸ್ತೆ. ಬೇಯಿಸಿದ ಬಿದಿರಿನ ಆ ಮಂಕು ವಾಸನೆ ನಮ್ಮ ಹಾಸಿಗೆಯಲ್ಲಿ, ತಲೆಗೂದಲಲ್ಲಿ, ರೊಟ್ಟಿಯ ಬುಟ್ಟಿಯಲ್ಲಿ ಸೇರಿಕೊಂಡಿರುತ್ತಿತ್ತು. ಬೇರೆ ಊರಿನವರು ಮೂಗು ಮುಚ್ಚಿಕೊಂಡರೆ ನಮಗೆ ಯಾಕೆಂದು ತಿಳಿಯುತ್ತಿರಲಿಲ್ಲ. ತೇರಗಾಂವದಿಂದ ಸೊಸೆಯಾಗಿ ಬಂದಿದ್ದ ಆಯಿ ಆ ಮನೆಯ ಬಾಗಿಲಲ್ಲಿ ಕೂತು ಇಡೀ ಪ್ರಪಂಚವನ್ನು ತಪಾಸಣೆ ಮಾಡುತ್ತಿದ್ದಳು. ಹಾಲಿನವನ ಹಾಲಿಗೆ ಬೆರಳದ್ದಿ ನೋಡುವಳು. ಡಾಕ್ಟರು ಕೊಟ್ಟ ಗುಳಿಗೆಯನ್ನು ಅರ್ಧ ಮುರಿದು, ಒಳಗೂ ಅದೇ ಬಣ್ಣವಿದೆಯೇ ಎಂದು ಪರೀಕ್ಷಿಸುವಳು. ಮಿಲ್ಲಿನ ಭೋಂಗಾ ಕೂಗಿದರೆ, "ಇವತ್ತ ಲಗೂನ ಕೂಗೇತಿ ನೋಡ್ರಿ," ಎಂದು ಬಿಸಿಲಿನ ಗೆರೆ ನೋಡುವಳು. ಅವಳು ಅನುಮಾನಪಡದೆ ಮುಟ್ಟುತ್ತಿದ್ದದ್ದು ಕೊರಳಲ್ಲಿದ್ದ ಲಿಂಗವನ್ನು ಮಾತ್ರ.

ಇಂಥವಳ ಎದುರು ಹೋಗಿ ನಾನು ಒಂದು ಮಧ್ಯಾಹ್ನ ಸುದ್ದಿ ಹೇಳಿದೆ. ಪ್ರಾಥಮಿಕ ಶಾಲೆಯ ನಮ್ಮ ಅಕ್ಕೋರು ಹೇಳಿ ಕಳಿಸಿದ್ದ ಸುದ್ದಿ ಅದು. ನಮ್ಮ ದೇಶದವನೊಬ್ಬ ಮೊಟ್ಟಮೊದಲ ಬಾರಿಗೆ, ರಷ್ಯಾದವರ ನೌಕೆಯಲ್ಲಿ ಕೂತು ಇನ್ನು ಕೆಲವು ದಿನಗಳಲ್ಲಿ ಬಾಹ್ಯಾಕಾಶಕ್ಕೆ ಹೋಗುವವನಿದ್ದ.

"ಯಾರ ನೋಡ್ಯಾರು?" ಎಂದಳು ಆಯಿ, ಅಕ್ಕಿಯ ಹರಳು ಆರಿಸುತ್ತಲೇ.

"ರೇಡಿಯೋದಾಗ ಹೇಳತಾರಂತ, ಆಯಿ."

"ರೇಡಿಯೋದಾಗ ಮಳಿ ಬರತೈತಿ ಅಂತನೂ ಹೇಳತಾರ."

ಅವಳನ್ನು ನಂಬಿಸಲೇಬೇಕೆಂದು ನಾನು ಹಟ ತೊಟ್ಟೆ. ಅವತ್ತಿನಿಂದ ಶಾಲೆಯಲ್ಲಿ ಕೇಳಿದ್ದನ್ನೆಲ್ಲ ಮನೆಗೆ ಹೊತ್ತು ತರುವುದೇ ನನ್ನ ಕೆಲಸವಾಯಿತು. ಮೊದಲು ಒಂದು ನಾಯಿಯನ್ನು ಕಳಿಸಿದ್ದರು ಎಂದೆ. ಅದು ವಾಪಸು ಬಂತೇನು ಎಂದು ಕೇಳಿದಳು. ಬರಲಿಲ್ಲ, ಅದನ್ನು ಇಳಿಸುವ ಉಪಾಯ ಆಗ ಗೊತ್ತಿರಲಿಲ್ಲ ಎಂದಾಗ ಅವಳ ಮುಖ ಕೆಂಪಾಯಿತು. "ಬರೂ ದಾರಿ ಮಾಡಲಾರದ ಕಳಿಸ್ಯಾರ? ಬಾಯಿಲ್ಲದ್ದು ಅಂತ ಹೌದಲ್ಲೇ?" ಎಂದು, ಆ ನಾಯಿಯನ್ನು ನಾನೇ ಹತ್ತಿಸಿ ಕಳಿಸಿದ್ದೇನೋ ಎಂಬಂತೆ ನನ್ನನ್ನೇ ಬೈದಳು. ಆಮೇಲೆ ರಷ್ಯಾದ ಒಬ್ಬ ಮನುಷ್ಯ ಹೋದ, ಭೂಮಿಗೆ ಒಂದು ಸುತ್ತು ಹಾಕಿ ಛತ್ರಿ ಬಿಚ್ಚಿಕೊಂಡು ಒಂದು ಹೊಲದಲ್ಲಿ ಇಳಿದ, ಅಲ್ಲಿ ಆಲೂಗಡ್ಡೆ ನೆಡುತ್ತಿದ್ದ ಹೆಂಗಸೊಬ್ಬಳು ಮೊಮ್ಮಗಳ ಜೊತೆ ಅವನನ್ನು ಕಂಡು ಹೆದರಿದಳು ಎಂದೆ. ಆಯಿ ಹರಳು ಆರಿಸುವುದನ್ನು ನಿಲ್ಲಿಸಿದಳು. "ಅಕಿ ನೋಡಿದ್ಲಂದ್ರ ಖರೆ ಇರಬೇಕು. ಹೊಲದಾಗ ದುಡಿಯಾಕಿಗೆ ಸುಳ್ಳ ಹೇಳಾಕ ಪುರಸತ್ತ ಎಲ್ಲಿರತೈತಿ?" ಎಂದು, "ಅಂವಗ ಕುಡ್ಯಾಕ ನೀರ ಕೊಟ್ಲೋ ಇಲ್ಲೋ?" ಎಂದು ಕೇಳಿದಳು. ಅಷ್ಟು ಕಥೆಯಲ್ಲಿ ಅವಳು ನಂಬಿದ್ದು ಆ ಹೊಲದ ಹೆಂಗಸನ್ನು ಮಾತ್ರ.

ಚಂದ್ರನ ವಿಷಯಕ್ಕೆ ಬಂದಾಗ ಅವಳ ಸಂಶಯ ಇನ್ನೊಂದು ದಿಕ್ಕಿಗೆ ಹೊರಳಿತು. ಮೂವರು ಹೋದರು, ಇಬ್ಬರು ಚಂದ್ರನ ಮೇಲೆ ಕಾಲಿಟ್ಟರು, ಮೂರನೆಯವನು ಮೇಲೆ ನೌಕೆಯಲ್ಲಿ ಸುತ್ತು ಹೊಡೆಯುತ್ತ ಕಾದ. ಆಯಿಗೆ ಕಾಲಿಟ್ಟವರ ಬಗ್ಗೆ ಆಸಕ್ತಿಯೇ ಇಲ್ಲ. "ಮ್ಯಾಲಿನವ ಇವರನ್ನ ಬಿಟ್ಟ ಬಂದಿದ್ರ?" ಎಂದಳು. ನೌಕೆಯಲ್ಲಿ ಮನುಷ್ಯರು ಯಾಕೆ ತೇಲುತ್ತಾರೆಂದು ವಿವರಿಸಲು ನಾನು ಬಹಳ ಒದ್ದಾಡಿದೆ. ನೌಕೆ ಭೂಮಿಯ ಕಡೆಗೆ ಬೀಳುತ್ತಲೇ ಇರುತ್ತದೆ, ಆದರೆ ಎಷ್ಟು ಜೋರಾಗಿ ಮುಂದಕ್ಕೆ ಓಡುತ್ತದೆಂದರೆ ದುಂಡನೆಯ ನೆಲ ಅದರ ಅಡಿಯಿಂದ ಬಾಗಿ ಸರಿಯುತ್ತಲೇ ಹೋಗುತ್ತದೆ. ಒಳಗಿದ್ದವರೂ ಅದರ ಜೊತೆಗೇ ಬೀಳುತ್ತಿರುವುದರಿಂದ ಅವರಿಗೆ ಭಾರ ಗೊತ್ತಾಗುವುದಿಲ್ಲ. ಆಯಿ ಎಲ್ಲ ಕೇಳಿ, ಹಾಗಾದರೆ ರೊಟ್ಟಿ ಮುರಿದರೆ ಅದರ ಚೂರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಮರುದಿನ ನಾನು ಕೇಳಿದಾಗ ಅಕ್ಕೋರು ಬೆರಗಾದರು: ಚೂರು ಹಾರಾಡಿ ಯಂತ್ರದಲ್ಲಿ ಸಿಕ್ಕೀತೆಂದು ಅಲ್ಲಿ ಅಂಥದ್ದನ್ನು ತಿನ್ನಲು ಕೊಡುವುದೇ ಇಲ್ಲವಂತೆ.

ಕೊನೆಗೆ ಆಯಿ ಕೇಳಿದ್ದು, ಬರುವುದು ಹೇಗೆ ಎಂದು. ನಮ್ಮ ಪುಸ್ತಕದಲ್ಲಿ ಹೋಗುವುದರ ಬಗ್ಗೆ ಪುಟಗಟ್ಟಲೆ ಇತ್ತು, ಬರುವುದರ ಬಗ್ಗೆ ಒಂದೇ ಸಾಲು. ಮತ್ತೆ ಅಕ್ಕೋರನ್ನೇ ಕೇಳಿ ಬಂದೆ. ಇಳಿಯಬೇಕೆಂದಾಗ ಎದುರು ದಿಕ್ಕಿಗೆ ಬೆಂಕಿ ಉಗುಳಿ ನೌಕೆಯ ವೇಗ ಇಳಿಸುತ್ತಾರೆ, ಅದು ಗಾಳಿಗೆ ಬಿದ್ದ ಕೂಡಲೇ ಕಾದ ಹಂಚಿನ ಹಾಗೆ ಕೆಂಪಾಗುತ್ತದೆ, ಹೊರಗಿನ ಕವಚ ಸುಡುತ್ತ ಒಳಗಿನವರನ್ನು ಕಾಯುತ್ತದೆ, ಸ್ವಲ್ಪ ಹೊತ್ತು ಅವರ ದನಿ ಯಾರಿಗೂ ಕೇಳಿಸುವುದಿಲ್ಲ, ಆಮೇಲೆ ಛತ್ರಿ ಬಿಚ್ಚಿಕೊಳ್ಳುತ್ತದೆ. ಆಯಿಯ ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಉಳಿಯಿತು. "ಅಂದ್ರ ಹೋಗೂದಲ್ಲ, ಬರೂದ ಕಠಿಣ," ಎಂದಳು. ಸಂಜೆ, "ಎಲ್ಲಾ ಸುಳ್ಳ ಅದು. ಯಾರೂ ಎಲ್ಲೀನೂ ಹೋಗೂದಿಲ್ಲ," ಎಂದು ತನ್ನಷ್ಟಕ್ಕೆ ತೀರ್ಪು ಕೊಟ್ಟುಬಿಟ್ಟಳು. ನಾನು ಸೋತೆನೆಂದು ಅತ್ತೆ.

ಕೊನೆಗೊಂದು ದಿನ ನಮ್ಮ ದೇಶದವನು ಹೋದ ಸುದ್ದಿ ರೇಡಿಯೋದಲ್ಲಿ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಮರುದಿನ ಬೆಳಿಗ್ಗೆ ನಮ್ಮ ಮನೆಯ ಕಸಬರಿಗೆ ಕಾಣೆಯಾಗಿತ್ತು. ಅವ್ವ ಬಾಗಿಲ ಹಿಂದೆ, ಬಚ್ಚಲಲ್ಲಿ, ಕಟ್ಟಿಗೆಯ ರಾಶಿಯಲ್ಲಿ ಹುಡುಕಿದಳು. ಮೊದಲು ಪಕ್ಕದ ಮನೆಯವಳ ಮೇಲೆ ಸಂಶಯಪಟ್ಟಳು, ಆಮೇಲೆ ನನ್ನ ಮೇಲೆ. "ಅತ್ತೀ, ಕಸಬರಿಗಿ ನೋಡೀರೇನ್ರಿ?" ಎಂದರೆ, "ನನ್ನ ಯಾಕ ಕೇಳ್ತಿ?" ಎಂದು ಆಯಿ ಮುಖ ತಿರುವಿದಳು. ಹೊಸದನ್ನು ತರಿಸುತ್ತೇನೆಂದರೆ ದಿನ ಚೆನ್ನಾಗಿಲ್ಲ ಎಂದಳು. ಪಕ್ಕದ ಮನೆಯದನ್ನು ತಂದರೆ, ಮಂದಿಯ ಕಸಬರಿಗೆ ನಮ್ಮ ಹೊಸ್ತಿಲು ದಾಟಕೂಡದು ಎಂದು ಜಗಳಕ್ಕೇ ನಿಂತಳು. ಬೇಸಿಗೆಯ ಧೂಳು, ಒಂದೊಂದು ಲಾರಿ ಹೋದಾಗಲೂ ಮನೆಯೊಳಗೆ ಕೆಂಪು ಹುಡಿ ಹಾಸುತ್ತಿತ್ತು. ಅವ್ವ ತಾಳ್ಮೆಗೆಟ್ಟು ಒದ್ದೆ ಬಟ್ಟೆಯಿಂದ ನೆಲ ಒರೆಸತೊಡಗಿದಳು. ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಅನುಮಾನದಿಂದ ನೋಡುತ್ತ ಆ ದಿನಗಳು ಕಳೆದವು.

ನನಗೆ ಅದು ಸಿಕ್ಕಿದ್ದು ಜೋಳದ ಚೀಲದ ಹಿಂದೆ, ಆಯಿಯ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮಲಗಿತ್ತು. "ಆಯೀ, ನೀನ ಮುಚ್ಚಿಟ್ಟೀ!" ಎಂದು ಕೂಗುವಷ್ಟರಲ್ಲಿ ಅವಳು ಬಂದು ನನ್ನ ಬಾಯಿ ಮುಚ್ಚಿದಳು. ನನ್ನನ್ನು ಚೀಲದ ಪಕ್ಕ ಕೂರಿಸಿಕೊಂಡು, ಎಂದೂ ಹೇಳದಿದ್ದದ್ದನ್ನು ಹೇಳಿದಳು. ಅಜ್ಜ ಕುಳಗಿಯ ಕಾಡಿನಿಂದ ಬಿದಿರು ತರುವ ಲಾರಿಯ ಮೇಲೆ ಕೆಲಸಕ್ಕಿದ್ದ. ಮನೆಯಿಂದ ಯಾರಾದರೂ ಹೊರಟ ಬೆನ್ನಿಗೇ ಕಸ ಹೊಡೆಯಬಾರದು ಎಂಬುದು ನಮ್ಮ ಕಡೆಯ ರೂಢಿ. ಹಾಗೆ ಹೊಡೆಯುವುದು ಹೆಣ ಹೊರಗೆ ಹೋದಾಗ. "ಅವತ್ತ ತೇರಗಾಂವದಿಂದ ಮಂದಿ ಬರೂದಿತ್ತು. ನಿಮ್ಮಜ್ಜ ಬರ್ತೇನಿ ಅಂದು ಲಾರಿ ಹತ್ತಿದ್ರು. ಲಾರಿ ಇನ್ನೂ ತಿರುವ ದಾಟಿದ್ದಿಲ್ಲ. ನಾ ಕಸಾ ಹೊಡದೆ," ಎಂದಳು. ಮಳೆಗೆ ಹಳ್ಳ ಬಂದಿತ್ತು, ಲಾರಿ ಜಾರಿತು. ಮನೆಗೆ ಬಂದದ್ದು ಅಜ್ಜನ ಮೈ.

ನನಗೆ ಅಳು ಬಂತು. ಆದರೂ ಕೇಳಿದೆ. "ಆದ್ರ ನೀ ನಂಬೂದಿಲ್ಲಲ್ಲ ಆಯಿ? ಅಂವ ಹೋಗೇ ಇಲ್ಲ ಅಂದಿ?"

"ಹೋಗಿಲ್ಲಂದ್ರ ಚಲೋನ ಆತು. ಹೋಗಿದ್ರ?" ಎಂದಳು ಆಯಿ. "ಅಂವಗೂ ಒಬ್ಬಾಕಿ ಅವ್ವ ಇರತಾಳಲ್ಲ."

ಅಲ್ಲಿಂದ ಮುಂದೆ ನಾನೂ ಅವಳ ಕಡೆಯವಳಾದೆ. ಅವನು ಇಳಿದನೆಂದು ರೇಡಿಯೋ ಹೇಳಿದಾಗ ನಾನು ಕುಣಿದರೆ ಆಯಿ ಜಗ್ಗಲಿಲ್ಲ. ಪೇಪರು ಬರಲಿ ಎಂದಳು. ಪೇಪರಿನಲ್ಲಿ ಫೋಟೋ ಬಂತು. ಅದನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಮುಖವನ್ನು ಬಿಟ್ಟು ಕಾಲ ಹತ್ತಿರ ಬಹಳ ಹೊತ್ತು ಹುಡುಕಿದಳು. "ನೆಲದ ಮ್ಯಾಲ ನೆರಳ ಬಿದ್ದೈತಿ. ಇಳದಾನ," ಎಂದಳು. ಒಳಗೆ ಹೋಗಿ ಕಸಬರಿಗೆ ತಂದು, ಎಲ್ಲರೆದುರಿಗೇ ಬಾಗಿಲ ಹಿಂದೆ ಇಟ್ಟಳು. ಅವ್ವ ಅದನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಎತ್ತಿಕೊಂಡು ಮನೆಯೆಲ್ಲ ಗುಡಿಸಿದಳು. ಅವಳಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬ ಸಂಶಯ ನನ್ನಲ್ಲಿ ಬಹಳ ವರ್ಷ ಉಳಿಯಿತು.

ಆಮೇಲೆ ಎಷ್ಟೋ ಜನ ಹೋದರು. ಇಳಿಯಲು ಇನ್ನೇನು ಸ್ವಲ್ಪವೇ ಹೊತ್ತು ಉಳಿದಿದ್ದಾಗ ನೌಕೆಯೇ ಸುಟ್ಟು, ನಮ್ಮ ದೇಶದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಮರಳಲೇ ಇಲ್ಲ. ಆ ಸುದ್ದಿ ಕೇಳಲು ಆಯಿ ಇರಲಿಲ್ಲ, ಒಳ್ಳೆಯದೇ ಆಯಿತು. ಈಚೆಗೆ ಮಳೆಗಾಲದಲ್ಲಿ ಮತ್ತೆ ನಮ್ಮವನೊಬ್ಬ ಮೇಲಿನ ನಿಲ್ದಾಣಕ್ಕೆ ಹೋಗಿ ಇದ್ದು ಬಂದನಲ್ಲ, ಆಗ ಹಳಿಯಾಳದ ನಮ್ಮ ಮನೆಯ ಕಸಬರಿಗೆ ಬಟ್ಟೆಯ ಕಪಾಟು ಸೇರಿತ್ತು. "ಅವ್ವಾ, ನಿನಗ ಹುಚ್ಚ ಹಿಡದೈತಿ," ಎಂದು ಮಗಳು ನಕ್ಕಳು. ಅವನು ಸಮುದ್ರದಲ್ಲಿ ಇಳಿದದ್ದನ್ನು ಅವಳೇ ಮೊಬೈಲಿನಲ್ಲಿ ತೋರಿಸಿದಳು. ಅಲ್ಲಿ ಕತ್ತಲೆ, ನೀರು. ಹಡಗಿನ ದೀಪದ ಬೆಳಕಿನಲ್ಲಿ ಅವನು ಎದ್ದು ನಿಂತಾಗ ನಾನು ಕನ್ನಡಕ ಹಾಕಿಕೊಂಡು ನೆರಳು ಹುಡುಕಿದೆ. ಸಿಗುವ ತನಕ ನಗಲಿಲ್ಲ.

ಆಯಿ ಹೋದದ್ದು ನಾನು ಕಾಲೇಜಿಗೆ ಸೇರಿದ ವರ್ಷ. ಅದೇ ಕಟ್ಟೆಯ ಮೇಲೆ ಅವಳನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದರು. ಭಜನೆಯವರು ಮುಂದೆ ನಡೆದರು, ಅಪ್ಪ ಹೆಗಲು ಕೊಟ್ಟ. ಬಿದಿರಿನ ಲಾರಿಗಳು ರಸ್ತೆಯ ಬದಿಗೆ ನಿಂತು ದಾರಿ ಬಿಟ್ಟವು. ಹೆಂಗಸರೆಲ್ಲ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆವು. ಓಣಿಯ ಹಿರಿಯಳೊಬ್ಬಳು ಅವ್ವನ ಕೈಗೆ ಕಸಬರಿಗೆ ಕೊಟ್ಟು, "ಕಸಾ ಹೊಡೀರಿ ಇನ್ನ, ತಡಾ ಮಾಡಬಾರದು," ಎಂದಳು. ಅದು ಸರಿಯಾದ ಮಾತೇ. ಆ ಒಂದು ಪಯಣಕ್ಕೆ ಹಾಗೇ ಮಾಡಬೇಕು. ಅವ್ವ ಕಸಬರಿಗೆ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತ ನಿಂತಳು. ಹಿರಿಯಳು ಮತ್ತೊಮ್ಮೆ ಹೇಳಿದಳು.

"ತಡೀರಿ," ಎಂದಳು ಅವ್ವ. "ಅತ್ತಿಯವರು ಇನ್ನೂ ತಿರುವ ದಾಟಿಲ್ಲ."

ನಾನು ಅವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಭಜನೆಯ ದನಿ ತಿರುವು ದಾಟಿತು, ಲಾರಿಗಳು ಮತ್ತೆ ಓಡತೊಡಗಿದವು, ಧೂಳು ಬಂದು ಆಯಿ ಕೂತಿದ್ದ ಜಾಗದ ಹೂವಿನ ಎಸಳುಗಳ ಮೇಲೆ ಕೂತಿತು. ಅವ್ವ ಒಳಗೆ ಹೋಗಿ ಕಸಬರಿಗೆಯನ್ನು ಜೋಳದ ಚೀಲದ ಹಿಂದೆ ಇಟ್ಟು ಬಂದಳು. ಈಗ ಅವ್ವನೂ ಇಲ್ಲ. ಆ ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದಾರೆ. ಆಯಿಯನ್ನು ಕಳಿಸಿದ ಆ ದಿನ ನಮ್ಮ ಮನೆಯಲ್ಲಿ ಯಾರೂ ಕಸ ಹೊಡೆಯಲಿಲ್ಲ. ಆಯಿ ಮಾತ್ರ ಬರಲಿಲ್ಲ.