ಮ್ಯಾಗ್ನೆಟೊ ತಿರುಗಿಸಿದ ಮಧ್ಯಾಹ್ನ

ನಾನು ಪಾಠ ಚೆನ್ನಾಗಿಯೇ ಮಾಡುತ್ತಿದ್ದೆ. ಕೆಟ್ಟದ್ದು ನನ್ನ ನಾಲಿಗೆ. ಅರವತ್ತರ ದಶಕದ ಮೊದಲಲ್ಲಿ ದಾವಣಗೆರೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ, ಬಿ.ಎಸ್ಸಿ. ಮಾಡಿದ ಕೊಬ್ಬು ಮೈತುಂಬ ಇತ್ತು. ಊರಿನ ಮೂಢನಂಬಿಕೆಯನ್ನೆಲ್ಲ ನಾನೊಬ್ಬಳೇ ಗುಡಿಸಿ ಹಾಕುತ್ತೇನೆ ಎಂದುಕೊಂಡಿದ್ದೆ.

ಹರಿಹರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ಗುಜರಿಯಲ್ಲಿ ಸಿಕ್ಕಿದ ಹಳೆಯ ಟೆಲಿಫೋನಿನ ಮ್ಯಾಗ್ನೆಟೊ ತಂದುಕೊಟ್ಟಿದ್ದ. ಲಾಳದ ಆಕಾರದ ಅಯಸ್ಕಾಂತಗಳು, ಅವುಗಳ ನಡುವೆ ತಂತಿಯ ಸುರುಳಿ, ಪಕ್ಕದಲ್ಲೊಂದು ಹಿಡಿ. ಹಿಡಿ ತಿರುಗಿಸಿದರೆ ಸುರುಳಿ ತಿರುಗಿ ವಿದ್ಯುತ್ ಹುಟ್ಟುತ್ತದೆ. ಹೊರಬಂದ ಎರಡು ತಂತಿಗಳು ಬೇರೆ ಬೇರೆ ಇದ್ದಾಗ ಹಿಡಿ ಹಗುರ. ತುದಿಗೆ ತುದಿ ಕೂಡಿಸಿದೊಡನೆ ಬೀಸುಕಲ್ಲಿಗೆ ಒಮ್ಮೆಲೇ ಕಾಳು ಸುರಿದ ಹಾಗೆ ಭಾರವಾಗುತ್ತದೆ. ತೋಳು ದುಡಿದಷ್ಟೇ ವಿದ್ಯುತ್, ಪುಕ್ಕಟೆ ಏನೂ ಇಲ್ಲ. ಒಬ್ಬೊಬ್ಬರ ಕೈಯಲ್ಲೂ ತಿರುಗಿಸಿ ಇದನ್ನು ತೋರಿಸಿದೆ.

ಆಮೇಲೆ ಮೂವತ್ತು ಹುಡುಗಿಯರನ್ನು ಕೈ ಕೈ ಹಿಡಿಸಿ ಸಾಲಾಗಿ ನಿಲ್ಲಿಸಿದೆ. ಎರಡು ತುದಿಯವರು ಒಂದೊಂದು ತಂತಿ ಹಿಡಿಯಬೇಕು. ತಂತಿ ಹಿಡಿಯಲು ಎಲ್ಲರೂ ಹೆದರಿ ಹಿಂದೆ ಸರಿದರು. ಒಬ್ಬಳು ಮಾತ್ರ ತಾನಾಗಿ ಮುಂದೆ ಬಂದು ಒಂದು ತುದಿಗೆ ನಿಂತಳು. ಪಕ್ಕದ ಬಾತಿ ಹಳ್ಳಿಯಿಂದ ದಿನಾ ನಡೆದು ಬರುತ್ತಿದ್ದವಳು, ತರಗತಿಯಲ್ಲೇ ಜಾಣೆ. ಅವಳ ಅಪ್ಪ ಓದು ಬಿಡಿಸಲು ಒಂದು ನೆಪಕ್ಕೆ ಕಾಯುತ್ತಿದ್ದುದು ನನಗೂ ಗೊತ್ತಿತ್ತು. ‘ಇವಳನ್ನ ನೋಡಿ ಕಲೀರಿ’ ಎಂದು ಉಳಿದವರಿಗೆ ಬೈದೆ.

ಹಿಡಿ ತಿರುಗಿಸಿದೆ. ಯಾರೂ ಕಿರುಚಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದೆ, ಏನೂ ಇಲ್ಲ. ಸಾಲಿನುದ್ದಕ್ಕೂ ನೋಡುತ್ತ ಬಂದರೆ ಆ ಜಾಣೆ ಒಂದು ಕೈಯಲ್ಲಿ ತಂತಿ ಹಿಡಿದು, ಇನ್ನೊಂದರಲ್ಲಿ ಮರದ ಸ್ಕೇಲು ಹಿಡಿದು, ಅದರ ತುದಿಯನ್ನು ಪಕ್ಕದವಳಿಗೆ ಕೊಟ್ಟಿದ್ದಳು.

‘ಮರದಾಗೆ ಕರೆಂಟ್ ಹರಿಯಲ್ಲ ಅಂತ ನಿನ್ನೆ ತಾನೇ ಬರಕೊಂಡಿ. ಕೈ ಕೊಡು.’

ಅವಳು ತಲೆ ತಗ್ಗಿಸಿ, ನನಗಷ್ಟೇ ಕೇಳುವಂತೆ ಅಂದಳು: ‘ಬ್ಯಾಡ್ರಿ ಅಕ್ಕೋರೆ. ನಾ ಹೊರಗದೀನ್ರಿ. ಮನ್ಯಾಗೆ ಹೇಳಿಲ್ಲ. ಹೇಳಿದ್ರೆ ಮೂರು ದಿನ ಸ್ಕೂಲಿಗೆ ಕಳಸಲ್ಲ.’

ತಿಂಗಳ ಮುಟ್ಟನ್ನು ಮುಚ್ಚಿಟ್ಟು ಪಾಠಕ್ಕೆ ಬಂದಿದ್ದಳು, ಆದರೆ ಇನ್ನೊಬ್ಬರಿಗೆ ಮೈಲಿಗೆಯಾಗದಿರಲಿ ಎಂದು ಯಾರೂ ಒಲ್ಲದ ತುದಿಯನ್ನು ಹುಡುಕಿಕೊಂಡಿದ್ದಳು. ಅವಳ ಆ ಎಚ್ಚರ ನನಗೆ ಅರ್ಥವಾಗಬೇಕಿತ್ತು. ನನಗೆ ಸಿಟ್ಟು ಬಂತು. ‘ಕೇಳ್ರೇ, ಇವಳು ಹೊರಗಂತೆ. ಕರೆಂಟಿಗೆ ಮಡಿ ಐತೋ ಇಲ್ವೋ ನೋಡೋಣ’ ಎಂದು ಇಡೀ ತರಗತಿಗೆ ಕೇಳಿಸಿ ಹೇಳಿ, ಸ್ಕೇಲು ಕಿತ್ತು ಎಸೆದೆ. ಅವಳ ಬೆರಳುಗಳನ್ನು ಬಿಡಿಸಿ ಪಕ್ಕದವಳ ಮುಷ್ಟಿಯೊಳಗೆ ತುರುಕಿದೆ. ಹಿಡಿ ತಿರುಗಿಸಿದಾಗ ಮೂವತ್ತೂ ಜನ ಒಟ್ಟಿಗೆ ಕಿರುಚಿದರು. ನಾನು ನಕ್ಕೆ.

ಪಕ್ಕದವಳು ಆ ಜಾಣೆಯ ನೆಂಟರ ಹುಡುಗಿ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು, ಯಾಕೆಂದು ತಾಯಿ ಕೇಳಿದ್ದಕ್ಕೆ ನಡೆದದ್ದನ್ನೆಲ್ಲ ಹೇಳಿದಳು. ಮರುದಿನ ಬೆಳಗಾಗುವುದರೊಳಗೆ ಸುದ್ದಿ ಬಾತಿ ಮುಟ್ಟಿತ್ತು.

ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಅವಳು ಏದುಸಿರು ಬಿಡುತ್ತ ನನ್ನ ಮುಂದೆ ನಿಂತಳು. ‘ಅಪ್ಪ ಹಿಂದೇನೇ ಬರಾಕತ್ತಾನ್ರಿ. ಶಾಕಿಗೆ ಹೆದರಿ ಸುಳ್ಳು ಹೇಳಿದೆ ಅಂತ ಅಂದೀನಿ. ನೀವೂ ಹೌದು ಅಂದುಬಿಡ್ರಿ ಅಕ್ಕೋರೆ. ನಿಮ್ಮ ಮಾತು ನಂಬ್ತಾನೆ. ಇಲ್ಲಾಂದ್ರೆ ಇವತ್ತೇ ಬಿಡಿಸ್ತಾನ್ರಿ.’

‘ನಾನು ಸುಳ್ಳು ಹೇಳೋದಿಲ್ಲ’ ಎಂದೆ.

ಅಪ್ಪ ಬಂದ. ಜೋರು ಮಾಡುವ ಮನುಷ್ಯನಲ್ಲ. ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದ. ‘ಅಕ್ಕೋರೆ, ಹುಡುಗಿ ಹೆದರಿ ಹಂಗಂದ್ಲಂತೆ. ಹೌದೇನ್ರಿ?’ ಹೌದೆಂದರೆ ನೆಮ್ಮದಿಯಾಗಿ ಹೊರಟುಹೋಗುತ್ತಿದ್ದ. ಅವನ ದನಿಯಲ್ಲೇ ಅದು ತಿಳಿಯುತ್ತಿತ್ತು.

‘ಇಲ್ಲ, ನಿನ್ನೆ ಅವಳು ಹೇಳಿದ್ದು ನಿಜ’ ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಮುಟ್ಟಿನಲ್ಲಿ ಮೈಲಿಗೆ ಯಾಕಿಲ್ಲ, ಶರೀರ ಹೇಗೆ ಕೆಲಸ ಮಾಡುತ್ತದೆ ಎಂದು ಹತ್ತು ನಿಮಿಷ ಭಾಷಣ ಬಿಗಿದೆ. ಅವನು ಕೈಮುಗಿದುಕೊಂಡೇ ಎಲ್ಲ ಕೇಳಿಸಿಕೊಂಡ.

‘ನೀವು ಓದಿದೋರು, ನಿಮಗೆ ನಡಿತೈತ್ರಿ. ಇವಳು ನಿನ್ನೆ ದೇವರ ಜಗಲಿ ಸಾರಿಸ್ಯಾಳೆ. ಕಲ್ತಿದ್ದು ಸಾಕು.’

ಅವಳು ಅಳಲಿಲ್ಲ. ಚೀಲ ಎತ್ತಿಕೊಂಡು, ಅಪ್ಪನಿಗೆ ತಾಗದ ಹಾಗೆ ನಾಲ್ಕು ಮಾರು ಹಿಂದೆ ನಡೆದುಹೋದಳು. ನಾನು ತರಗತಿಗೆ ಹೋಗಿ ಹಾಜರಿ ಕರೆದೆ. ಅವಳ ಹೆಸರು ಬಂದಾಗ ಕರೆಯದೆ ಮುಂದಿನ ಹೆಸರಿಗೆ ಹೋದೆ. ಅವತ್ತು ನನ್ನ ಎದೆಯಲ್ಲಿ ಇದ್ದದ್ದು ದುಃಖವಲ್ಲ, ನಿಜ ಹೇಳಿದೆ ಎಂಬ ಹೆಮ್ಮೆ. ಆ ಹೆಮ್ಮೆ ನೆನಪಾದಾಗಲೆಲ್ಲ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.