ಹಡಗಿನ ರೇಡಿಯೊಗೆ ಮೂಗು ಮುರಿದದ್ದು

ಹಳೆಯ ಹಡಗಿನ ರೇಡಿಯೊಗಳನ್ನು ಕೂಡಿಹಾಕುವ ನಮ್ಮ ಜನರ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. ದೇವನಹಳ್ಳಿ ಕಡೆಯ ವಿಲ್ಲಾದವನೊಬ್ಬ ವಾಲ್ವುಗಳನ್ನೆಲ್ಲ ಕಿತ್ತೆಸೆದು, ಒಳಗೆ ಬಣ್ಣದ ದೀಪ ಹಾಕಿಸಿ, ವಿಸ್ಕಿ ಬಾಟಲಿಗಳ ಪಕ್ಕ ನಿಲ್ಲಿಸಿದ್ದಾನೆ. ಇನ್ನೊಬ್ಬ ಬೂದು ಪೆಟ್ಟಿಗೆಗೆ ಟ್ರ್ಯಾಕ್ಟರಿಗೆ ಹೊಡೆಯುವ ನೀಲಿ ಪೇಂಟ್ ಹೊಡೆದು, "ಹೊಸದರ ಥರ ಮಾಡ್ಬಿಟ್ಟೆ ಗುರು" ಎಂದು ಮೀಸೆ ತಿರುವುತ್ತಾನೆ. ಥೂ! ನೆಂಟರದು ಇನ್ನೊಂದು ಗೋಳು. ಬಂದವರೆಲ್ಲ ಕೇಳುವುದು ಒಂದೇ: "ಇದ್ರಲ್ಲಿ ಎಫ್‌ಎಂ ಬರುತ್ತಾ?" ಬರುವುದಿಲ್ಲ ಸ್ವಾಮಿ, ಕಾಫಿ ಕುಡಿದು ಹೊರಡಿ.

ನಾನು ದೊಡ್ಡಬಳ್ಳಾಪುರದವನು. ಮನೆಯಲ್ಲೇ ನಾಲ್ಕು ಪವರ್‌ಲೂಮ್. ಬೀದಿಯ ಮಗ್ಗಗಳು ಓಡುತ್ತಿದ್ದರೆ ರೇಡಿಯೊದಲ್ಲಿ ಬರೀ ಕರಕರ ಸದ್ದು, ಹಾಗಾಗಿ ಕರೆಂಟು ಹೋದರೆ ನನಗೆ ಹಬ್ಬ. ಉಳಿದವರೆಲ್ಲ ಹೊರಗೆ ನಿಂತು ಶಾಪ ಹಾಕುವಾಗ ನಾನು ಬ್ಯಾಟರಿಗೆ ತಂತಿ ಸಿಕ್ಕಿಸಿ, ಹೆಡ್‌ಫೋನ್ ಏರಿಸಿ ಕೂರುತ್ತೇನೆ. "ಸಮುದ್ರ ಇಲ್ದಿರೋ ಊರಲ್ಲಿ ಹಡಗು ಕಾಯ್ತಾ ಕೂತವ್ರೆ ನಮ್ಮೆಜಮಾನ್ರು" ಎಂದು ಹೆಂಡತಿ ಪಕ್ಕದ ಮನೆಯವರಿಗೆ ಹೇಳಿ ನಗುತ್ತಾಳೆ. ನಗಲಿ ಬಿಡಿ.

ಹೋದ ವರ್ಷ ಅನುಗೊಂಡನಹಳ್ಳಿಗೆ ಗೃಹಪ್ರವೇಶಕ್ಕೆ ಹೋಗಿದ್ದ ನನ್ನ ತಮ್ಮ ಮೊಬೈಲಿಗೆ ಒಂದು ರೇಡಿಯೊದ ಫೋಟೊ ಕಳಿಸಿದ. ಪಕ್ಕದ ಮನೆಯ ಅಜ್ಜಿಯ ಹತ್ತಿರ ಇದೆಯಂತೆ. ಫೋಟೊ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದೆ. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದ ಮಾದರಿ ಅದು. ಮೂಲದ ಗುಂಡಿಗಳು, ಹಿತ್ತಾಳೆಯ ತಗಡು, ಅಪಾಯದ ಕರೆ ಬರುವ ಜಾಗಕ್ಕೆ ಡಯಲ್ ಮೇಲೆ ಎಳೆದ ಕೆಂಪು ಗೆರೆ, ಒಂದೂ ಕೆಟ್ಟಿರಲಿಲ್ಲ.

ಬೇಕಾದದ್ದನ್ನು ಹೇಗೆ ಕೊಳ್ಳಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಮನೆಗೆ ಸೀರೆ ಕೊಳ್ಳಲು ಬರುವ ಸಾಹುಕಾರರನ್ನು ಚಿಕ್ಕಂದಿನಿಂದ ನೋಡಿದವನು ನಾನು. ಹಿಡಿಸಿದ ಸೀರೆಯನ್ನೇ ಮೊದಲು ಪಕ್ಕಕ್ಕೆ ಎಸೆಯುತ್ತಾರೆ. "ಏನಪ್ಪಾ ಇದು, ಬಾರ್ಡರ್ ಅಂತಾರಾ ಇದನ್ನ?" ಎಂದು ಮೂಗು ಮುರಿದು ಎದ್ದು ಹೋಗುತ್ತಾರೆ. ವಾರ ಬಿಟ್ಟು ಮತ್ತೆ ಬರುತ್ತಾರೆ. ಅದು ನಾಟಕವೆಂದು ನಮಗೂ ಗೊತ್ತು, ನಮಗೆ ಗೊತ್ತೆಂದು ಅವರಿಗೂ ಗೊತ್ತು. ಅವರು ಜಾಸ್ತಿ ಬೈದಷ್ಟೂ ಅಪ್ಪ ಒಳಗೊಳಗೇ ನಗುತ್ತಿದ್ದರು.

ಹಳೆಯ ರೇಡಿಯೊ ಬಲ್ಲವನು ಎಂದು ಹೇಳಿಕೊಂಡು ಅನುಗೊಂಡನಹಳ್ಳಿಗೆ ಹೋದೆ. ಅಜ್ಜಿ ನನಗೆ ಕಾಫಿ ಕೊಟ್ಟು, ರೇಡಿಯೊ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆ ತೆಗೆದರು. ಒಂದು ಚೂರು ಧೂಳಿರಲಿಲ್ಲ.

"ನಮ್ಮೆಜಮಾನ್ರು ಹಡಗಲ್ಲಿ ರೇಡಿಯೊ ಆಫೀಸರಾಗಿದ್ರು. ಹಡಗನ್ನ ಗುಜರಿಗೆ ಹಾಕ್ದಾಗ ಇದನ್ನ ಕೇಳಿ ಇಸ್ಕೊಂಡ್ಬಂದ್ರು. ಎಲ್ರೂ ಚಿನ್ನ ತಂದ್ರೆ ನಮ್ಮಣ್ಣ ಕಬ್ಬಿಣದ ಡಬ್ಬ ತಂದ ಅಂತ ಮೈದುನಂದಿರು ಆಡ್ಕೊಂಡು ನಗೋರು. ಇಂಥದ್ದು ಇನ್ನೆಲ್ಲೂ ಸಿಗಲ್ಲ ಕಣೇ ಅಂತ ಸಾಯೋವರ್ಗೂ ಹೇಳ್ತಿದ್ರು ಇವ್ರು. ಹೌದೇನಪ್ಪಾ?"

ನನಗೆ ಆ ಪ್ರಶ್ನೆಯಲ್ಲಿ ಕೇಳಿಸಿದ್ದು ಬೆಲೆ ಏರಿಸುವ ಹುನ್ನಾರ ಮಾತ್ರ. ಹಳ್ಳಿ ಮುದುಕಿ, ನನಗೇ ವ್ಯಾಪಾರ ಕಲಿಸುತ್ತಾಳಾ ಎಂದುಕೊಂಡೆ.

"ಯಾರಮ್ಮಾ ಹೇಳಿದ್ದು? ಇಂಥವು ಲೋಡುಗಟ್ಲೆ ಬಿದ್ದವೆ. ಗುಜರಿಯವ್ನೇ ತಗೊಂಡ್ರೆ ಹೆಚ್ಚು" ಎಂದೆ. ಗುಂಡಿ ತಿರುಗಿಸಿ ಲೊಚಗುಟ್ಟಿದೆ. ಅಜ್ಜಿ "ಹೌದಾ" ಎಂದರು, ಅಷ್ಟೇ. ಬಟ್ಟೆಯನ್ನು ಮತ್ತೆ ಹೊದಿಸಲಿಲ್ಲ, ಮಡಚಿ ಕೈಯಲ್ಲೇ ಹಿಡಿದುಕೊಂಡರು. ಕೆಲಸ ಆಯಿತು ಎಂದು ಖುಷಿಯಿಂದ ಬಸ್ಸು ಹತ್ತಿದೆ.

ವಾರ ಬಿಟ್ಟು ಹೋದರೆ ಮೇಜು ಖಾಲಿ.

"ಗುಜರಿಯವ್ನು ಬಂದಿದ್ದ, ಹಾಕ್ಬಿಟ್ಟೆ ಕಣಪ್ಪಾ. ಚೀಲಕ್ಕೆ ಹಿಡಿಸ್ಲಿಲ್ಲ ಅಂತ ಇಲ್ಲೇ ಅಂಗಳದಲ್ಲಿ ಸುತ್ತಿಗೇಲಿ ಒಡ್ಕೊಂಡ."

ನಾನು ಅಂಗಳಕ್ಕಿಳಿದು ಹುಡುಕಿದೆ, ಒಂದು ತಿರುಪೂ ಸಿಗಲಿಲ್ಲ. ನನ್ನ ನಾಲಿಗೆಗೆ ಬೆಂಕಿ ಹಾಕ! ಸಾಹುಕಾರರ ನಾಟಕ ನೇಕಾರರ ಮನೆಯಲ್ಲಿ ನಡೆಯುತ್ತದೆ. ರಾಗಿ ಬೆಳೆದುಕೊಂಡಿದ್ದ ಮನೆಯ ಈ ಅಜ್ಜಿ ನಾನು ಹೇಳಿದ್ದನ್ನು ಹೇಳಿದ ಹಾಗೇ ನಂಬಿದ್ದರು. ತಿಳಿದವನು ಎಂದಲ್ಲವೇ ನನ್ನನ್ನು ಕೇಳಿದ್ದು?

"ಅಮ್ಮಾ, ನಾನವತ್ತು ಸುಳ್ಳು ಹೇಳ್ದೆ. ಕಮ್ಮಿಗೆ ಸಿಗ್ಲಿ ಅಂತ ಹಂಗಂದೆ. ನಿಮ್ಮೆಜಮಾನ್ರು ಹೇಳಿದ್ದೇ ನಿಜ, ಇಂಥದ್ದು ಎಲ್ಲೂ ಸಿಗಲ್ಲ."

ಅಜ್ಜಿ ನನ್ನ ಮುಖ ನೋಡಿದರು. ಸಿಟ್ಟೇನೂ ಇರಲಿಲ್ಲ.

"ಸಮಾಧಾನಕ್ಕೆ ಹೇಳ್ಬೇಡ ಬಿಡಪ್ಪಾ. ಅವತ್ತು ನೀನಾದ್ರೂ ಇದ್ದಿದ್ದು ಇದ್ದಂಗೆ ಹೇಳ್ದೆ. ಇವ್ರ ಮಾತು ಕಟ್ಕೊಂಡು ಮೈದುನಂದಿರ ಹತ್ರ ಇಷ್ಟು ವರ್ಷ ಜಗಳ ಆಡಿದ್ನಲ್ಲ, ಮೊನ್ನೆ ಹೋಗಿ ತಪ್ಪಾಯ್ತು ಅಂತ ಹೇಳ್ಬಂದೆ."